ಬೇಲಿಯ ಗಳ

ಕನೆಕ್ಟಿಕಟ್‌ನಲ್ಲಿ ಪೀಪಾಯಿ ಮಾಡಿಕೊಂಡಿದ್ದ ಜೇಬೆಜ್ ಟಟಲ್, ಇಂಗ್ಲೆಂಡಿನ ದೊರೆಯ ಮೇಲೆ ಯುದ್ಧ ಎದ್ದಾಗ ದಂಡು ಸೇರಿ ಡೋಲಿನವರ ಯಜಮಾನನಾದ. ಕೋಪ ಮೂಗಿನ ತುದಿಯಲ್ಲೇ. ಡೋಲು ಬಾರಿಸುವ ಕೈಯೇ ತಪ್ಪಿತಸ್ಥರ ಬೆನ್ನಿಗೆ ಚಾಟಿಯನ್ನೂ ಬೀಸಬೇಕು, ಅದು ದಂಡಿನ ಕಟ್ಟಳೆ. ಭಾನುವಾರ ಅದೇ ಡೋಲುಗಳನ್ನು ಒಂದರ ಮೇಲೊಂದು ಪೇರಿಸಿದರೆ ಪಾದ್ರಿಗಳ ಬೈಬಲ್ಲಿಗೆ ಪೀಠ.

ಚಳಿಗಾಲದ ಒಂದು ಭಾನುವಾರ ಪ್ರಾರ್ಥನೆಯ ಸಾಲಿನಲ್ಲಿ ಅವನ ಊರಿನವನೇ ಆದ ಅಸಹೇಲ್ ಕಾಣಲಿಲ್ಲ. ಹುಡುಕಿಕೊಂಡು ಹೋದರೆ, ದಂಡಿನ ಗುಡಿಸಲುಗಳ ಹಿಂದೆ ಯಾವನೋ ರೈತನ ಬೇಲಿಯ ಗಳ ಹೊತ್ತು ಬರುತ್ತಿದ್ದ.

"ಏನೋ ಅದು?"

"ಜೇಬೆಜಣ್ಣ, ಸ್ವಲ್ಪ ಕೇಳಣ್ಣ..."

"ಬೇಲಿ ಗಳ ಹೌದೋ ಅಲ್ವೋ? ಅಷ್ಟು ಬೊಗಳು."

"ಹೌದು, ಆದ್ರೆ..."

"ಮುಚ್ಚು ಬಾಯಿ! ದೇವರ ದಿನ ಕಳ್ಳತನ ಮಾಡ್ತೀಯಾ? ನಡಿ!"

ರೈತರ ಬೇಲಿ ಮುಟ್ಟಬಾರದೆಂದು ಆಜ್ಞೆಯಿತ್ತು. ಮರುದಿನ ಬೆಳಿಗ್ಗೆ ವಿಚಾರಣೆಯಲ್ಲಿ ಅಸಹೇಲ್ ಬಾಯಿ ತೆರೆಯುವಷ್ಟರಲ್ಲಿ ಜೇಬೆಜ್ ಮುಂದೆ ಬಂದ. "ಕಣ್ಣಾರೆ ಕಂಡಿದ್ದೀನಿ ಸ್ವಾಮಿ. ಇವ್ನು ಕತೆ ಕಟ್ತಾನೆ, ಕೇಳ್ಬೇಡಿ." ಮೂವತ್ತೊಂಬತ್ತು ಏಟು ಎಂದು ತೀರ್ಪಾಯಿತು. ಚಾಟಿ ಹಿಡಿದವನ ಕೈ ಸಡಿಲವಾಯಿತೆಂದು ಜೇಬೆಜ್ ತಾನೇ ಕಿತ್ತುಕೊಂಡು ಬಾರಿಸಿದ.

ಸಂಜೆ ರೋಗಿಗಳ ಗುಡಿಸಲಿಗೆ ಹೋದ. ಅವನ ಕೈಕೆಳಗಿನ ಡೋಲಿನವನು ಲೆಮ್ಯುಯೆಲ್ ಜ್ವರದಲ್ಲಿ ಮಲಗಿದ್ದ. ಒಲೆಯಲ್ಲಿ ಬರೀ ಬೂದಿ.

"ಅಸಹೇಲ್ ಎಲ್ಲಿ ಯಜಮಾನ್ರೇ? ದಿನಾ ಅವ್ನೇ ಸೌದೆ ತರ್ತಿದ್ದ. ಕಾಡಿನ ಹಸಿ ಸೌದೆ ಹೊಗೆಗೆ ಕೆಮ್ಮಿ ಸಾಯ್ತೀಯ, ಒಣಗಿದ್ದು ತರ್ತೀನಿ ಅಂತ ನಿನ್ನೆ ಹೋದೋನು ಬರಲೇ ಇಲ್ಲ."

ಜೇಬೆಜ್ ಎದ್ದು ಹೋದ. ಅದೇ ಬೇಲಿಯಿಂದ ಒಂದು ಗಳ ಕಿತ್ತು ತಂದು ಬೆಂಕಿ ಮಾಡಿದ. ಕಾವಲಿನವನು ನೋಡಿದರೂ ಯಜಮಾನನಲ್ಲವೇ ಎಂದು ಮುಖ ತಿರುಗಿಸಿಕೊಂಡ.

ಆಮೇಲೆ ಬೆನ್ನಿನ ಗಾಯಕ್ಕೆ ಹಚ್ಚಲು ಹಂದಿ ಕೊಬ್ಬು ಹಿಡಿದು ಅಸಹೇಲನ ಬಳಿ ಹೋದ. ಅವನು ಬೋರಲು ಮಲಗಿದ್ದ.

"ಅಸಹೇಲ್, ನಂಗೆ ಗೊತ್ತಿರ್ಲಿಲ್ಲ ಕಣೋ..."

"ಹಚ್ಚೋದಾದ್ರೆ ಹಚ್ಚು. ಮಾತು ಬೇಡ. ನನ್ನ ಮಾತು ನೀನು ಕೇಳಿದ್ಯಾ?" ಜೇಬೆಜ್ ಕೊಬ್ಬು ಹಚ್ಚತೊಡಗಿದಾಗ ಅಸಹೇಲನೇ ಕೇಳಿದ: "ಲೆಮ್ಯುಯೆಲ್‌ಗೆ ಬೆಂಕಿ?"

"ಹಾಕಿದೀನಿ."

ಲೆಮ್ಯುಯೆಲ್ ಗುರುವಾರ ತೀರಿಕೊಂಡ. ಒಂದು ದಿನ ಮೊದಲೇ ಬೆಂಕಿ ಸಿಕ್ಕಿದ್ದರೆ ಉಳಿಯುತ್ತಿದ್ದನೋ ಏನೋ, ಯಾರು ಹೇಳಬೇಕು? ಅಸಹೇಲ್ ಮತ್ತೆಂದೂ ಜೇಬೆಜನನ್ನು ಅಣ್ಣ ಎನ್ನಲಿಲ್ಲ.

ಯುದ್ಧ ಮುಗಿಸಿ ಊರಿಗೆ ಬಂದ ಜೇಬೆಜ್ ಹಿತ್ತಿಲಿಗೆ ಬೇಲಿ ಹಾಕಲಿಲ್ಲ. ನೆರೆಯವರ ಹಂದಿಗಳು ನುಗ್ಗಿ ಗೆಡ್ಡೆಗಳನ್ನು ಕಿತ್ತು ತಿಂದವು.

"ನಾಲ್ಕು ಗಳ ಹಾಕೋಕೆ ನಿಮಗೇನು ರೋಗ?" ಎಂದು ಹೆಂಡತಿ ರೇಗುತ್ತಿದ್ದಳು.

ಒಂದು ಮಾತಿಗೆ ಹತ್ತು ತಿರುಗಿಸುವ ಗಂಡಸು ಆ ಒಂದು ಮಾತು ಬಂದಾಗ ಮಾತ್ರ ಹಂದಿ ಓಡಿಸಲು ಎದ್ದು ಹೋಗುತ್ತಿದ್ದ.