ಬೆಳ್ಳಿ ಬಿಲ್ಲೆಯೂ ಇಂಟ್ರೂಡ್ ಎಂಬ ಪದವೂ

ಸಾವಿರದ ಒಂಬೈನೂರ ಎಪ್ಪತ್ತರ ಆಸುಪಾಸಿನಲ್ಲಿ ನನ್ನನ್ನು ಸಿರುಗುಪ್ಪದಿಂದ ಕುರುಗೋಡಿಗೆ ಎರಡನೆಯ ಸಂಬಂಧಕ್ಕೆ ಕೊಟ್ಟರು. ಗಂಡ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರರು. ಮೊದಲ ಹೆಂಡತಿ ಜ್ವರ ಬಂದು ತೀರಿಕೊಂಡು ವರ್ಷ ತುಂಬಿತ್ತು. ತಾಳಿಯ ಜೊತೆಗೆ ಅವಳ ಹೆಸರಿನ ಒಂದು ಬೆಳ್ಳಿ ಬಿಲ್ಲೆಯನ್ನೂ ನನ್ನ ಕೊರಳಿಗೆ ಕಟ್ಟಿದರು. ಅವರ ಮನೆತನದ ಪದ್ಧತಿ. ಬಳ್ಳಾರಿಯಿಂದ ಹೊಸ ಸೀರೆ ಬಂದರೆ ಮೊದಲು ಬಿಲ್ಲೆಗೆ ಮುಟ್ಟಿಸಬೇಕು, ಆಮೇಲೆ ನಾನು ಉಡಬೇಕು. ಬಳೆ, ಕುಬಸ, ಮೊಳ ಮಲ್ಲಿಗೆ, ಎಲ್ಲವೂ ಹಾಗೆಯೇ. ಸತ್ತವಳು ಉಟ್ಟು ಬಿಟ್ಟದ್ದು ನನಗೆ. ದುಃಖವೇನೂ ಆಗುತ್ತಿರಲಿಲ್ಲ. ಏನೂ ಆಗುತ್ತಿರಲಿಲ್ಲ. ಹಿಟ್ಟು ನಾದುತ್ತಿದ್ದೆ, ನೀರು ತರುತ್ತಿದ್ದೆ. ಆ ಮನೆಯಲ್ಲಿ ಮೊದಲು ನನ್ನ ಕೈಗೇ ಬರುವ ವಸ್ತು ಒಂದಾದರೂ ಇರಲಿ ಎಂಬ ಆಸೆ ಮಾತ್ರ ಇತ್ತು. ಅದಕ್ಕೇ ಎಸ್ಸೆಸ್ಸೆಲ್ಸಿಗೆ ಕಟ್ಟುತ್ತೇನೆ ಎಂದೆ. ಗಂಡ ಬೇಡ ಅನ್ನಲಿಲ್ಲ, ತಾವೇ ಪಾಠ ಹೇಳಿಕೊಟ್ಟರು.

ಒಂದು ಮಧ್ಯಾಹ್ನ ಪಾಠದಲ್ಲಿ ‘ಇಂಟ್ರೂಡ್’ ಬಂತು.

“ಹಂಗಂದ್ರೇನ್ರಿ?”

“ಯಾರೂ ಕರೀದನ ಇನ್ನೊಬ್ಬರ ಜಾಗಕ್ಕ ನುಗ್ಗೋದು,” ಎಂದರು. ಮಾಸ್ತರರಿಗೆ ಪದದ ಬುಡ ಕೆದಕುವ ಚಟ. ದಪ್ಪ ಡಿಕ್ಷನರಿ ತೆಗೆದರು. “ಮೂಲ ಲ್ಯಾಟಿನ್ ಐತಿ. ಇನ್ ಅಂದ್ರ ಒಳಗ, ಟ್ರೂಡೆರೆ ಅಂದ್ರ ನೂಕೋದು. ಒಳಗ ನೂಕೋದು.”

“ನೂಕೋರು ಯಾರ್ರಿ?”

ಅವರು ತಲೆ ಎತ್ತಿದರು. ಕಣ್ಣು ನನ್ನ ಬಿಲ್ಲೆಯ ಮೇಲೆ ನಿಂತಿತು. ಪುಟ ಮಗುಚಿದರು.

ನನಗೆ ನೆನಪಾದದ್ದು ಸಿರುಗುಪ್ಪದ ಬಸ್ ಸ್ಟ್ಯಾಂಡು. ಮದುವೆಯ ಮರುದಿನ ಬಸ್ಸಿನ ಮೆಟ್ಟಿಲು ಹತ್ತದೆ ನಿಂತಿದ್ದೆ. “ಕೊಟ್ಟ ಹೆಣ್ಣು ಕುಲಕ್ಕ ಹೊರಗ. ಹತ್ತವ್ವ,” ಎಂದು ಅಪ್ಪ ಬೆನ್ನಿಗೆ ಕೈ ಹಚ್ಚಿ ನೂಕಿದ್ದ. ಆ ಕೈ ಇನ್ನೂ ಬೆನ್ನ ಮೇಲೆ ಹಾಗೇ ಇತ್ತು.

ಬಳ್ಳಾರಿಗೆ ಹೋಗಿ ಪರೀಕ್ಷೆ ಬರೆದೆ. ಪಾಸಾದೆ. ಮಾರ್ಕ್ಸ್ ಕಾರ್ಡನ್ನು ಗಂಡ ತಂದು ನನ್ನ ಕೈಗೇ ಕೊಟ್ಟರು. ಒಲೆಯ ಮುಂದೆ ಕೂತಿದ್ದ ಅತ್ತೆ, “ಮೊದಲ ಅಕ್ಕಗ ಮುಟ್ಟಿಸವ್ವ,” ಎಂದರು.

“ಆಕಿಗೆ ಓದಾಕ ಬರ್ತಿದ್ದಿಲ್ಲ, ಬಿಡವ್ವ,” ಎಂದರು ಗಂಡ. ನನ್ನೆದುರು ಅವರು ಅವಳ ಮಾತೆತ್ತಿದ್ದು ಅದೇ ಮೊದಲು.

ಅಂತೂ ಕಾರ್ಡು ನನ್ನದೇ ಆಯಿತು. ಹಿತ್ತಲಿಗೆ ಹೋಗಿ ಕೂತೆ. ಸಂತೋಷವೂ ಆಗಲಿಲ್ಲ. ಓದಲು ಬಾರದೆ ಸತ್ತವಳೇ ಮನಸ್ಸಿಗೆ ಬಂದಳು. ನಾಲ್ಕು ವರ್ಷ ಅವಳಿಗೆ ಸೀರೆ ಮುಟ್ಟಿಸಿದ್ದೆ, ಒಂದು ಮಾತೂ ಆಡಿರಲಿಲ್ಲ. ಬಿಲ್ಲೆಯನ್ನು ಅಂಗೈಯಲ್ಲಿ ಹಿಡಿದು ಅಂಕಗಳನ್ನೆಲ್ಲ ಒಂದೊಂದಾಗಿ ಓದಿ ಹೇಳಿದೆ. ಆಮೇಲೆ ಅಂದೆ:

“ಅಕ್ಕಾ, ನಾನಾಗೇ ಬಂದಾಕಿ ಅಲ್ಲ.”