ಶರಣಪ್ಪನ ಹೊಲದಲ್ಲಿ ಖೋ

ಜೇವರ್ಗಿಯ ನಮ್ಮ ಮನೆಗೆ ಇವತ್ತು ಸುಣ್ಣ ಬಳಿಯುವವರು ಬಂದಿದ್ದರು. ಸುಣ್ಣಕ್ಕೆ ನೀರು ಬಿದ್ದಾಗ ಏಳುವ ಬಿಸಿ ವಾಸನೆ ನಿಮಗೂ ಗೊತ್ತಲ್ಲ? ಅದು ಮೂಗಿಗೆ ಬಡಿದದ್ದೇ ತಡ, ನಾನು ನನ್ನ ತವರೂರು ಅತನೂರಿನ ಮೈದಾನದಲ್ಲಿದ್ದೆ. ಎರಡು ಜಡೆಯ ಹುಡುಗಿ. ಓಡುವುದಕ್ಕಿಂತ ಬೀಳುವುದರಲ್ಲೇ ಹೆಸರು ಮಾಡಿದವಳು.

ಆ ಮೈದಾನ ಮೊದಲು ಸಂಗವ್ವನ ಜೋಳದ ಹೊಲ. ಅವಳ ಒಬ್ಬನೇ ಮಗ ಶರಣಪ್ಪ ಎಪ್ಪತ್ತೊಂದರ ಯುದ್ಧಕ್ಕೆ ಹೋದವನು ಮರಳಲಿಲ್ಲ. ಅವನ ನೆನಪಿಗೆ ಪಂಚಾಯ್ತಿಯ ಮುಂದೆ ಕಂಬ ನಿಲ್ಲಿಸೋಣವೆಂದು ಊರ ಹಿರಿಯರು ಹೊರಟರು. ನಮ್ಮಪ್ಪನೂ ಅವರಲ್ಲೊಬ್ಬರು. ಸಂಗವ್ವ ಒಪ್ಪಲಿಲ್ಲ.

"ನನ್ನ ಮಗಾ ಒಂದ್ ಕಡಿ ನಿಂತಾಂವ ಅಲ್ರಿ. ಸಾಲಿ ಬಾಜೂಕಿನ ಹೊಲಾ ಕೊಡ್ತೇನಿ. ಹುಡುಗ್ರು ಆಡ್ಲಿ."

ಎರೆ ಮಣ್ಣಿನಲ್ಲಿ ಆಡುವುದೆಂದರೆ ಮಳೆಗಾಲದಲ್ಲಿ ಚಪ್ಪಲಿ ಕಳೆದುಕೊಳ್ಳುವುದು, ಬೇಸಿಗೆಯಲ್ಲಿ ಬಿರುಕಿನಲ್ಲಿ ಕಾಲು ಸಿಕ್ಕಿಸಿಕೊಳ್ಳುವುದು. ಅದಕ್ಕೇ ಊರವರೆಲ್ಲ ಬಂಡಿ ಕಟ್ಟಿ ಗರಸು, ಅಂದರೆ ಗಟ್ಟಿ ಜಲ್ಲಿಮಣ್ಣು, ತಂದು ಹಾಸಿದರು. ಮೂಲೆಯಲ್ಲಿ ಶರಣಪ್ಪನ ಹೆಸರಿನ ಒಂದು ಸಣ್ಣ ಕಲ್ಲು ನೆಟ್ಟರು. ನಾವು ಹುಡುಗಿಯರು ಸುಣ್ಣದ ಗೆರೆ ಎಳೆದು ಖೋ ಖೋ ಆಡಲು ನಿಂತೆವು.

ಎಡವಟ್ಟಾದದ್ದು ಆಗ. ಹುತಾತ್ಮನ ಜಾಗವೆಂಬ ಭಕ್ತಿಯಿಂದ ನಮ್ಮಪ್ಪ ಒಂದು ನಿಯಮ ಮಾಡಿದರು: ಅಲ್ಲಿ ಯಾರೂ ಕೂಗಬಾರದು. ಖೋ ಎನ್ನದೆ ಖೋ ಖೋ ಆಡುವುದು ಹೇಗೆ, ನೀವೇ ಹೇಳಿ. ನಾವು ಬೆನ್ನು ಮುಟ್ಟಿ, ಗುಟ್ಟು ಹೇಳುವವರಂತೆ ಪಿಸುಗುಟ್ಟುತ್ತಿದ್ದೆವು. ಕೂತವಳಿಗೆ ಕೇಳಿಸುತ್ತಿರಲಿಲ್ಲ, ಆಟ ಅಲ್ಲೇ ನಿಲ್ಲುತ್ತಿತ್ತು.

ಹೊಲ ಕೊಟ್ಟ ಮೇಲೆ ಸಂಗವ್ವ ಆ ಕಡೆ ಕಾಲಿಟ್ಟಿರಲಿಲ್ಲ. ಒಂದು ಸಂಜೆ ಬಂದಳು. ಸ್ವಲ್ಪ ಹೊತ್ತು ನೋಡಿ ನನ್ನನ್ನು ಕರೆದಳು.

"ಯಾಕವ್ವಾ, ಎಲ್ಲಾರ್ದೂ ಗಂಟಲ ಕಟ್ಟ್ಯಾದೇನು?"

ನಾನು ನೆಲ ನೋಡುತ್ತ, "ಅಪ್ಪ ಬೈತಾರ, ಆಯಿ," ಎಂದೆ.

ಅಷ್ಟರಲ್ಲಿ ಅಪ್ಪನೇ ಬಂದರು. "ಶರಣಪ್ಪನ ಜಾಗಾ ಅದ ಯವ್ವಾ. ಹುಡುಗ್ಯಾರು ಇಲ್ಲಿ ಚೀರಾಡಿದ್ರ ಚೊಲೊ ಕಾಣ್ಸಂಗಿಲ್ಲ."

"ಹೊಲಾ ಕೊಟ್ಟಾಕಿ ಹೆಂಗಸಲ್ಲೇನೋ ತಮ್ಮಾ?" ಎಂದಳು ಸಂಗವ್ವ. ಆಮೇಲೆ ಅವಳ ದನಿ ಇಳಿಯಿತು. "ಅಂವಾ ಹೋದಾಗಿಂದ ಮನ್ಯಾಗ ಬರೇ ಗಪ್ಪ ಅದ. ಇಲ್ಲೂ ಗಪ್ಪ ಮಾಡಿದ್ರ ನಾ ಎಲ್ಲಿಗಿ ಹೋಗ್ಲಿ?"

ಅಪ್ಪ ರುಮಾಲು ತೆಗೆದು ಮುಖ ಒರೆಸಿಕೊಂಡರು. ಬಳಿಕ ನನ್ನತ್ತ ತಿರುಗಿ, "ಒದರಬೇ," ಎಂದರು. ನಾನು ಖೋ ಎಂದು ಕಿರುಚಿದ ರಭಸಕ್ಕೆ ನಾನೇ ಮುಗ್ಗರಿಸಿ ಬಿದ್ದೆ. ಮಗ ಹೋದ ಮೇಲೆ ಸಂಗವ್ವ ನಕ್ಕದ್ದನ್ನು ಊರು ಅವತ್ತೇ ಮೊದಲು ನೋಡಿದ್ದು.

ಆಮೇಲೆ ದಿನವೂ ಬಂದು ಕೂರುತ್ತಿದ್ದಳು. ತಾಲೂಕು ಪಂದ್ಯದಲ್ಲಿ ನಾವು ಸೋತು ಬಂದಾಗ, "ಒದರಿದ್ರಿಲ್ಲೋ?" ಎಂದಷ್ಟೇ ಕೇಳಿದಳು. ಈಗ ಅವಳೂ ಇಲ್ಲ, ಅಪ್ಪನೂ ಇಲ್ಲ.

ಮಧ್ಯಾಹ್ನ ತಡೆಯಲಾಗದೆ ಅತನೂರಿನ ಬಸ್ಸು ಹತ್ತಿಬಿಟ್ಟೆ. ಕಲ್ಲಿಗೆ ಕೈ ಮುಗಿದು ಮುಂದಿನ ಬಸ್ಸಿಗೆ ಮರಳುವುದೆಂದುಕೊಂಡಿದ್ದೆ. ಮೈದಾನದಲ್ಲಿ ಹುಡುಗಿಯರು ಆಡುತ್ತಿದ್ದರು. ಒಬ್ಬಳು ಧೂಳೆಬ್ಬಿಸಿಕೊಂಡು ಬಂದವಳೇ, "ಬಾಜೂ ಸರೀರಿ ಆಯಿ!" ಎಂದು ಗದರಿದಳು. ಆಯಿ! ಅರವತ್ತೂ ತುಂಬದ ನನಗೆ ಅಜ್ಜಿಯ ಪಟ್ಟ! ತೆಪ್ಪಗೆ ಸರಿದು ನಿಂತೆ. ಬಸ್ಸು ಹಾರನ್ ಹೊಡೆದು ಹೊರಟುಹೋಯಿತು. ಹೋಗಲಿ, ಆಟ ಇನ್ನೂ ಮುಗಿದಿರಲಿಲ್ಲ.