ಕಳೆ ಕೀಳುವವನ ಹುಲ್ಲುಹಾಸು

ಹುಲ್ಲು ಕಂಡರೆ ಕೀಳುವ ಕೈ ನನ್ನದು. ಕಾಡಂಚಿನ ತಿಗನಾರೆ ಊರಿನ ನಮ್ಮ ರಾಗಿ ಹೊಲದಲ್ಲಿ ಹುಲ್ಲು ಅಂದರೆ ಕಳೆ, ಕಳೆ ಅಂದರೆ ಶತ್ರು. ಅಂಥವನ ಮನೆ ಮುಂದೆ ನನ್ನ ಹೆಂಡತಿ ಬೇಕಂತಲೇ ಹುಲ್ಲು ನೆಟ್ಟಳು.

ದಿಂಬಂ ಘಾಟಿ ಕಡೆಯ ಒಂದು ಗೆಸ್ಟ್ ಹೌಸಿನಲ್ಲಿ ಅವಳು ತೋಟದ ಕೆಲಸ ಮಾಡುತ್ತಿದ್ದಳು. ಲಾನ್ ನೋಡಿಕೊಳ್ಳುವುದನ್ನು ಕಲಿತದ್ದು ಅಲ್ಲೇ. ಕೆಲಸ ಬಿಟ್ಟ ದಿನ ಒದ್ದೆ ಗೋಣಿಯಲ್ಲಿ ಹುಲ್ಲಿನ ಕಡ್ಡಿ ಸುತ್ತಿಕೊಂಡು ಬಸ್ಸಿಳಿದಳು. ಅಂಗಳದಲ್ಲಿ ಎರಡು ಚಾಪೆಯಗಲ ನೆಟ್ಟಳು. ಪಕ್ಕದ ಮನೆಯಲ್ಲೇ ಇರುವ ನನ್ನ ಅಕ್ಕ ಬಂದು ನೋಡಿ, "ದನಕ್ಕೂ ಬ್ಯಾಡ, ದ್ಯಾವ್ರಿಗೂ ಬ್ಯಾಡ, ಇದ್ಯಾವ ಉಲ್ಲು ಕಣ್ಲಾ?" ಅಂದಳು. ನಾನೂ ನಕ್ಕೆ.

ಸಂಜೆ ನನ್ನ ಹೆಂಡತಿ ಆ ಹುಲ್ಲಿನ ಮೇಲೆ ಕಾಲು ಚಾಚಿ ಕೂರುತ್ತಿದ್ದಳು. "ಬನ್ನಿ, ಒಸಿ ಕುಂತ್ಕಳಿ, ತಂಪಾಗದೆ," ಅಂತ ಕರೆಯುತ್ತಿದ್ದಳು. "ಓಗಮ್ಮಿ, ಕುಂತ್ರೆ ಒಟ್ಟೆ ತುಂಬ್ತದಾ?" ಅನ್ನುತ್ತಿದ್ದೆ. ಏಳು ವರ್ಷ ಕರೆದಳು. ಒಂದು ದಿನವೂ ಕೂರಲಿಲ್ಲ ನಾನು, ದರಿದ್ರ ಮನುಷ್ಯ.

ಹೋದ ಸಂಕ್ರಾಂತಿ ಕಳೆದು ಒಂದು ವಾರಕ್ಕೆ ಎದೆನೋವು ಅಂದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ. ಹೊಲದ ಬದುವಿನ ಪಕ್ಕ ಅವಳನ್ನು ಕೂರಿಸಿ ಮನೆಗೆ ಬಂದರೆ ಅಂಗಳದ ಹುಲ್ಲು ಹಸಿರಾಗೇ ಇತ್ತು. ಮಕ್ಕಳಿಲ್ಲದ ಮನೆ ನಮ್ಮದು. ಅವಳು ಬೆಳೆಸಿದ್ದು ಅಂತ ಉಳಿದದ್ದು ಅದೊಂದೇ. ಇದನ್ನು ಸಾಯಲು ಬಿಡಬಾರದು ಅಂತ ಅವತ್ತೇ ತೀರ್ಮಾನ ಮಾಡಿದೆ.

ಅವಳು ಮಾಡುತ್ತಿದ್ದದ್ದೆಲ್ಲ ನೆನಪಿತ್ತು. ಬೇಸಿಗೆಯಲ್ಲಿ ಬುಡಮಟ್ಟ ಕತ್ತರಿಸದೆ ಬೆರಳುದ್ದ ಬಿಟ್ಟೆ. ಮೂರು ದಿನಕ್ಕೊಮ್ಮೆ, ಬಿಸಿಲೇರುವ ಮೊದಲು, ಬೇರಿಗಿಳಿಯುವಷ್ಟು ನೀರು ಹಾಕಿದೆ. ಮೊದಲ ಮಳೆಗೆ ಸಲಾಕೆಯಿಂದ ನೆಲ ಚುಚ್ಚಿ ಮರಳು ಉದುರಿಸಿದೆ. ಹುಲ್ಲು ಎದ್ದು ನಿಂತಿತು. ಅಕ್ಕ ಕೂಡ, "ಪರ್ವಾಗಿಲ್ಲ ಕಣ್ಲಾ, ಅವ್ಳೇ ಮಾಡ್ದಂಗದೆ," ಅಂದಳು.

ಆ ಹೊಗಳಿಕೆ ನನ್ನ ತಲೆಗೇರಿತು. ಮುಂದೆ ಗೊಬ್ಬರ ಹಾಕುವ ಕೆಲಸ. ಅವಳು ವರ್ಷಗಟ್ಟಲೆ ಕಳಿತ ಗೊಬ್ಬರವನ್ನು ಜರಡಿ ಹಿಡಿದು, ಅನ್ನಕ್ಕೆ ತುಪ್ಪ ಹಾಕಿದ ಹಾಗೆ ಚೂರೇ ಚೂರು ಹಾಕುತ್ತಿದ್ದಳು. ಗೊಬ್ಬರದ ವಿಷಯ ನನಗೆ ಹೇಳಿಕೊಡಬೇಕಾ? ತಿಪ್ಪೆಯಿಂದ ಹಸಿ ಗೊಬ್ಬರವನ್ನೇ ಮಂಕರಿಗಟ್ಟಲೆ ತಂದು ಸುರಿದೆ. ಹೊಲಕ್ಕಾದರೆ ಹಾಗೆ ಸುರಿದು ಆಮೇಲೆ ಉಳುತ್ತೇವೆ. ಗೊಬ್ಬರದಲ್ಲಿ ಹುಳವಿದ್ದರೆ ಮೇಲೆದ್ದು ಬಿಸಿಲಿಗೆ ಸಾಯುತ್ತದೆ, ಇಲ್ಲವೇ ಕಾಗೆ ಹೆಕ್ಕುತ್ತದೆ. ಹುಲ್ಲುಹಾಸನ್ನು ಉಳಲಿಕ್ಕಾಗುವುದಿಲ್ಲ ಅನ್ನುವುದು ನನ್ನ ಮಂಡೆಗೆ ಹೊಳೆಯಲೇ ಇಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಲ್ಲಿ ಹಳದಿ ಬಿತ್ತು. ಹಸಿದಿದೆ ಅಂದುಕೊಂಡು ಇನ್ನೆರಡು ಮಂಕರಿ ಹಾಕಿದೆ. ಕೊನೆಗೊಂದು ದಿನ ಹಿಡಿದೆಳೆದರೆ ಹುಲ್ಲು ಚಾಪೆಯಂತೆ ಎದ್ದು ಬಂತು. ಕೆಳಗೆ ಬೇರೇ ಇಲ್ಲ. ಬೇರು ತಿಂದ ಗೊಣ್ಣೆಹುಳಗಳು ದಪ್ಪಗೆ, ಬೆಳ್ಳಗೆ ಮುದುರಿಕೊಂಡು ಮಲಗಿದ್ದವು. ಹಸಿ ಗೊಬ್ಬರದ ಜೊತೆ ನಾನೇ ತಂದು ಸಾಕಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನೋದು ಇದಕ್ಕೇ.

ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಹೆಕ್ಕತೊಡಗಿದೆ. ಅದು ಮುಗಿಯುವ ಮೊದಲೇ, ದೀಪಾವಳಿಯ ಹಿಂದೆ ಮುಂದೆ, ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಅಂಗಳ ಉತ್ತ ಹೊಲದ ಹಾಗಿತ್ತು. ಹುಳದ ವಾಸನೆ ಹಿಡಿದು ಬಂದ ಕಾಡುಹಂದಿಗಳು ಮೂತಿಯಲ್ಲಿ ಎಲ್ಲ ಮಗುಚಿಹಾಕಿದ್ದವು. ಅಕ್ಕ ಓಡಿ ಬಂದು, "ಅಯ್ಯೋ ಶಿವ್ನೇ, ಒಂದ್ಕಡ್ಡಿನೂ ಬುಟ್ಟಿಲ್ಲ ಕಣ್ಲಾ," ಅಂದಳು. ಹೆಂಡತಿ ಸತ್ತ ದಿನ ಅಳದವನು ಅವತ್ತು ಅಕ್ಕನ ಎದುರೇ ಅತ್ತುಬಿಟ್ಟೆ. ಅವಳನ್ನು ಎರಡನೇ ಸಲ ನಾನೇ ಕಳೆದುಕೊಂಡೆ ಅನ್ನಿಸಿತು.

ಬಟ್ಟೆ ಒಗೆಯುವ ಕಲ್ಲಿನ ಸಂದಿಯಲ್ಲಿ ಅಂಗೈಯಗಲ ಹುಲ್ಲು ಉಳಿದಿತ್ತು. ಅಲ್ಲಿಗೆ ಹಂದಿಯ ಮೂತಿ ತೂರಿರಲಿಲ್ಲ, ನನ್ನ ಗೊಬ್ಬರವೂ ಬಿದ್ದಿರಲಿಲ್ಲ. ಅದನ್ನು ಬೇರುಸಮೇತ ಬಿಡಿಸಿ, ತೊಳೆದು, ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಹೊಲಕ್ಕೆ ಹೋದೆ. ಅವಳ ಮಣ್ಣಿನ ಮೇಲೆ ಒಂದೊಂದೇ ಕಡ್ಡಿ ನೆಟ್ಟು, ನೀರು ಚಿಮುಕಿಸಿ, ಸುತ್ತ ಮುಳ್ಳುಕಂಟಿ ಹಾಕಿದೆ. ಬೇರು ಹಿಡಿಯುತ್ತದೆ ಅನ್ನುವ ನಂಬಿಕೆ ನನಗಿಲ್ಲ. ಮುಂದೆ ಚಳಿ ಇದೆ, ಅದಾದ ಮೇಲೆ ಬೇಸಿಗೆ.

ಹೊಲದಲ್ಲಿ ಕೆಲಸ ಬೇಕಾದಷ್ಟಿತ್ತು. ಇರಲಿ ಬಿಡು ಅಂದುಕೊಂಡೆ. ಅವಳು ಒಳಗೆ ಕೂತಿದ್ದಾಳೆ. ಅವಳ ಎದುರಿಗೆ, ಬರೀ ಮಣ್ಣಿನ ಮೇಲೆ, ನಾನೂ ಕೂತೆ.